ಐಚ್ಛಿಕ ಡ್ರೈವರ್

"ಈ ಸ್ಟೋರೇಜ್ ಡ್ರೈವರ್ ಹಾಕ್ಕೊಳ್ಳೂದೋ, ಬೇಡೋ?"

ಅಮದಳ್ಳಿಯ ರಾಮನಾಥ ಮಾಸ್ತರು ಇದನ್ನು ಯಾರನ್ನೂ ಕೇಳಿದ್ದಲ್ಲ. ಬೆಳಿಗ್ಗೆ ಒಂಬತ್ತು ಗಂಟೆಗೆ ಕಂಪ್ಯೂಟರಿನ ಮುಂದೆ ಕೂತು ಗಾಳಿಗೆ ಹೇಳಿದ್ದು. ಆದರೆ ಕಿಟಕಿ ತೆರೆದಿತ್ತು. ಹೆದ್ದಾರಿ ಬದಿಯ ಮನೆಯಲ್ಲಿ ಕಿಟಕಿಗೆ ಹೇಳಿದರೂ ಒಂದೇ, ಡಂಗುರ ಹೊಡೆದರೂ ಒಂದೇ.

ಮಾಸ್ತರ ಸೋದರತ್ತೆ ಜಾನಕಿಗೆ ಆಗ ಎಂಬತ್ತೊಂದು. ಅಕ್ಷರ ಬಾರದು, ಬಾಯಲ್ಲಿ ಮಾತ್ರ ಮುನ್ನೂರು ಹಾಡು. ಮೂರು ತಿಂಗಳು ಅವಳ ಎದುರು ಕೂತು, ಕೇಳಿ, ಬರೆದು, ಅಷ್ಟನ್ನೂ ಮಾಸ್ತರು ಕಂಪ್ಯೂಟರಿಗೆ ಹಾಕಿದ್ದರು. ಭಾನುವಾರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ನೆಂಟರೆಲ್ಲ ಸೇರಿದಾಗ ಪುಸ್ತಕ ಅತ್ತೆಯ ಕೈಗೆ ಬರಬೇಕು. ಅತ್ತೆ ಈಗಾಗಲೇ ಹಸಿರು ಸೀರೆ ತೆಗೆದಿಟ್ಟಿದ್ದಳು. ಅಂಕೋಲೆಯ ಪ್ರೆಸ್ಸಿನವರ ಮಾತು ಒಂದೇ: "ಗುರುವಾರ ಸಂಜೆ ಐದರೊಳಗೆ ಸೀಡಿ ಕೊಡಿ. ಐದು ಹೊಡೆದ್ರೆ ಮಶಿನ್ನಿಗೆ ಮದುವೆ ಕಾಗದ ಹಚ್ತೇನೆ. ಆಮೇಲೆ ಮಳೆಗಾಲಕ್ಕೇ ನಿಮ್ಮ ಪುಸ್ತಕ."

ಇವತ್ತೇ ಗುರುವಾರ.

ಹಳೆಯ ಕಂಪ್ಯೂಟರಿನ ಮದರ್‌ಬೋರ್ಡು ಸುಟ್ಟು, ಕಾರವಾರದ ಅಂಗಡಿಯವನು ಹೊಸದನ್ನು ಕೂರಿಸಿ, ಹಾಡುಗಳಿದ್ದ ಹಳೇ ಡಿಸ್ಕನ್ನೇ ಅದಕ್ಕೆ ಜೋಡಿಸಿ ಕೊಟ್ಟಿದ್ದ. ಜೊತೆಗೊಂದು ಸೀಡಿ. "ಇದರಲ್ಲಿರೂ ಡ್ರೈವರ್ ಎಲ್ಲ ಹಾಕ್ಕೊಳ್ಳಿ ಸರ್." ಮಾಸ್ತರು ಹಾಕುತ್ತ ಬಂದರು. ಸದ್ದು ನಡೆಸಲೊಂದು ತಂತ್ರಾಂಶ, ಚಿತ್ರಕ್ಕೊಂದು, ಎಲ್ಲ ಸಲೀಸು. ಡಿಸ್ಕು ನಡೆಸುವ ಕೊನೆಯದರ ಮುಂದೆ ಮಾತ್ರ 'ಸ್ಟೋರೇಜ್ ಡ್ರೈವರ್: ಆಪ್ಶನಲ್' ಎಂದಿತ್ತು. ಕೆಳಗೆ 'ಹೌದು', 'ಬೇಡ' ಎಂಬ ಎರಡು ಗುಂಡಿ.

ಐಚ್ಛಿಕ! ಮಾಸ್ತರು ತಮ್ಮ ವಿದ್ಯಾರ್ಥಿ ದೆಸೆಯಲ್ಲಿ 'ಯಾವುದಾದರೂ ಐದಕ್ಕೆ ಉತ್ತರಿಸಿ' ಎಂದರೆ ಎಂಟಕ್ಕೂ ಉತ್ತರಿಸಿ ಬಂದವರು. ಬೇಕಾದರೆ ಮಾಡು ಎಂದರೆ ಅವರಿಗೆ ಜ್ವರ ಬರುತ್ತಿತ್ತು. ಪ್ರಶ್ನೆ ಪರದೆಯ ಮೇಲೆ ನಿಂತಿರುವಾಗ ಉತ್ತರಿಸದೆ ಸೀಡಿ ಹೊರಗೆಳೆಯುವುದು ಅವರ ಜಾಯಮಾನದಲ್ಲೇ ಇಲ್ಲ. ಅದನ್ನು ಎಳೆಯದೆ ಹಾಡು ಇಳಿಸುವ ಖಾಲಿ ಸೀಡಿ ಒಳಗೆ ಹೋಗುವಂತಿಲ್ಲ.

ಅಂಗಡಿಗೆ ಫೋನು ಮಾಡಿದರು.

"ಆಪ್ಶನಲ್ ಅಂದ್ರೆ, ಬೇಕಾದ್ರೆ ಬೇಕು ಸರ್, ಬೇಡಾದ್ರೆ ಬೇಡ" ಎಂದ ಅಂಗಡಿಯವನು, ಉಪನಿಷತ್ತು ಹೇಳಿದವನಂತೆ.

ಇತ್ತ ಕಿಟಕಿಯ ಹೊರಗೆ ಮೀನಿನ ಬುಟ್ಟಿ ಹೊತ್ತು ಹೋಗುತ್ತಿದ್ದ ಕಾಮಿಯ ಕಿವಿಗೆ ಎರಡೇ ಶಬ್ದ ಬಿದ್ದಿದ್ದವು: ಸ್ಟೋರೇಜ್, ಡ್ರೈವರ್. ಮೀನು ಮಾರುವವರಿಗೆ ಸ್ಟೋರೇಜ್ ಎಂದರೆ ಒಂದೇ, ಐಸು ಹಾಕಿ ಮೀನಿಡುವ ಕೋಲ್ಡ್ ಸ್ಟೋರೇಜು. ಅದಕ್ಕೊಂದು ಟೆಂಪೋ, ಟೆಂಪೋಕ್ಕೊಬ್ಬ ಡ್ರೈವರ್. ಬುಟ್ಟಿ ಅಲ್ಲೇ ಇಳಿಸಿ ಹಿತ್ತಲ ಬಾಗಿಲಿಗೆ ಓಡಿದಳು.

"ನೀತಕ್ಕಾ, ಮಾಸ್ತರು ಸ್ಟೋರೇಜ್ ಹಾಕ್ತರಂತೆ ಹೌದ್ರಾ? ಡ್ರೈವರ್ ಬೇಕಂತಲ್ರಾ?"

ಮಾಸ್ತರ ಹೆಂಡತಿ ನೀತಾ ದೋಸೆ ಎರೆಯುತ್ತಿದ್ದಳು. "ಹಾಕೂದೋ ಬೇಡೋ ಅಂತ ಬೆಳಗಿಂದ ಅದೇ ರಗಳೆ ಮಾರಾಯ್ತಿ. ನಂಗೆ ತಲೆ ಬುಡ ಗೊತ್ತಿಲ್ಲ."

"ನನ್ನ ತಮ್ಮ ಜಟ್ಟು ಇಲ್ವ್ರಾ? ಕಾರವಾರದಿಂದ ಅಂಕೋಲೆಗೆ ದಿನಾ ಐಸಿನ ಟೆಂಪೋ ಹೊಡಿತಾ. ಮಾಸ್ತರ ಶಿಷ್ಯನೇಯಾ. ಊರಲ್ಲೇ ಕೆಲ್ಸ ಆದ್ರೆ ಮನಿ ಊಟ ಆಗ್ತದೆ. ಈಗ್ಲೇ ಕಳಿಸ್ತೆ!"

ಹತ್ತು ಗಂಟೆಗೆ ಮೂವರು ಮೀನುಗಾರ ಹೆಂಗಸರು ಬಂದು, ಸ್ಟೋರೇಜಿನಲ್ಲಿ ತಮ್ಮ ಬಂಗಡೆಗೆ ಮೊದಲ ಜಾಗ ಕೊಡಬೇಕೆಂದು ಹೇಳಿ ಹೋದರು. ಹತ್ತೂವರೆಗೆ ಎದುರು ಮನೆಯವರು ಬಂದು, ವಾಸನೆ ಬಂದರೆ ಪಂಚಾಯ್ತಿಗೆ ಬರೆಯುವೆವೆಂದರು. ಮಾಸ್ತರು ಪರದೆಯಿಂದ ಕಣ್ಣು ಕೀಳಲಿಲ್ಲ.

ಪಕ್ಕದ ಮನೆಯ, ಗಣಿತ ಕಲಿಸುವ ಗುರುಪ್ರಸಾದ ಬಂದ. ಆರು ವಾರದ ಕಂಪ್ಯೂಟರ್ ಕೋರ್ಸು ಮಾಡಿ, ಅದರ ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿದವನು.

"ಹಾಕಿ ಬಿಡುವಾ ಮಾರಾಯ್ರೆ. ಡ್ರೈವರ್ ಬಂದ್ರೆ ಕೆಲ್ಸ ಚುರುಕಾಗ್ತದೆ."

ಜಗಲಿಯಲ್ಲಿ ಚಪ್ಪಲಿ ಕಳಚಿದ ಸದ್ದಾಯಿತು. ಒಳಗಿದ್ದವರು ಗಮನಿಸಲಿಲ್ಲ.

"ಚುರುಕು ಹಾಳಾಗ್ಲಿ" ಎಂದರು ರಾಮನಾಥ ಮಾಸ್ತರು. "ಹಿಂದೆ ಮುಂದೆ ಗೊತ್ತಿಲ್ಲದ ಡ್ರೈವರನ್ನ ಒಳಗೆ ಬಿಟ್ಕೊಳ್ಳೂದೇ? ಅದು ಇದ್ದದ್ದನ್ನೂ ಹಾಳು ಮಾಡ್ತದೆ. ಅದರ ಮೇಲೆ ಎಂತ ವಿಶ್ವಾಸ?"

"ಸರಿಯಾಗದಿದ್ರೆ ಕಿತ್ತು ಹಾಕಿದ್ರಾಯ್ತು."

"ಅದು ಒಮ್ಮೆ ಹೊಕ್ಕರೆ ಹೋಗೂದಿಲ್ಲ ಗುರುಪ್ರಸಾದ. ಮನೆ ಹಾಳು ಮಾಡೂ ಜಾತಿಯದು ಅದು!"

ಜಗಲಿಯಲ್ಲಿ ಚಪ್ಪಲಿ ಮತ್ತೆ ಮೆಟ್ಟಿದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ನೀತಾ ಇಣುಕಿದಳು. "ಯಾರೋ ಇಸ್ತ್ರಿ ಅಂಗಿ ಹಾಕ್ಕೊಂಡು, ಕೈಲಿ ಲೈಸನ್ಸು ಹಿಡ್ಕೊಂಡು ನಿಂತಿದ್ರಪ್ಪ. ಮಾತಾಡದೆ ಹೋದ್ರು."

"ಹೋಗ್ಲಿ ಬಿಡು" ಎಂದರು ಮಾಸ್ತರು. ಗುರುಪ್ರಸಾದನೂ ತೋಡೂರಿನ ಮದುವೆಯ ಊಟಕ್ಕೆ ಹೊತ್ತಾಯಿತೆಂದು ಸ್ಕೂಟರ್ ಹತ್ತಿ ಹೋದ.

ಬೇಡವೆಂದು ಅಷ್ಟು ಖಂಡಿತವಾಗಿ ಹೇಳಿದವರ ಬೆರಳು 'ಬೇಡ' ಗುಂಡಿಯ ಹತ್ತಿರ ಹೋಗುತ್ತಲೇ, ಹಾಕದಿದ್ದರೆ ಡಿಸ್ಕು ಮುನಿಸಿಕೊಂಡೀತೇ ಎಂಬ ಹೊಸ ಭಯ ಹುಟ್ಟಿತು. ಕೊನೆಗೆ ಎದ್ದು ಅತ್ತೆಯ ಬಳಿ ಹೋಗಿ ಅವಳನ್ನೇ ಕೇಳಿದರು. ಅತ್ತೆ ಬತ್ತಿ ಹೊಸೆಯುತ್ತಿದ್ದಳು.

"ಎಂತದೋ ಅದು ಡ್ರೈವರ್ ಅಂದ್ರೆ?"

"ಸಾರಥಿ ಇದ್ದ ಹಾಗೆ ಅತ್ತೆ. ನಿನ್ನ ಹಾಡೆಲ್ಲ ಇಟ್ಟ ಪೆಟ್ಟಿಗೆಗೆ ಸಾರಥಿ."

ಅತ್ತೆ ಕಣ್ಣು ಮುಚ್ಚಿ ರಾಗ ತೆಗೆದಳು:

"ಹಗ್ಗ ಹಿಡಿದವ ದೇವ, ರಥವ ಹತ್ತಿದ ಭಕುತ,
ಮುಗ್ಗರಿಸಲುಂಟೇ ಕುದುರೆ?"

"ಹಾಗಾದ್ರೆ ಹಾಕ್ಕೊಳ್ಲೇ?"

"ತಡಿ. ಯುದ್ಧದ ನಡುವೆ ರಥ ಬಿಟ್ಟು ಇಳಿದು ಹೋದ ಸಾರಥಿಯೂ ಇದ್ದಾನಲ್ಲೋ. ಸಾರಥಿ ಸಿಟ್ಟಾಗೂ ಹಾಗೆ ಮಾತಾಡ್ಬಾರ್ದು. ಅಷ್ಟೇ ನಂಗೆ ಗೊತ್ತು."

ಮಾಸ್ತರು ಬಂದ ದಾರಿಯಲ್ಲೇ ತಿರುಗಿ ಬಂದರು. ದೇವರಿಗೆ ಕೈ ಮುಗಿದು 'ಹೌದು' ಗುಂಡಿಯ ಮೇಲೆ ಬಾಣ ತಂದು, ಕಣ್ಣು ಮುಚ್ಚಿದರು. ತೆರೆದಾಗ ಪರದೆಯೇ ಕಪ್ಪು. ಫ್ಯಾನೂ ನಿಂತಿತ್ತು.

ಕರೆಂಟು ಹೋಗಿತ್ತು.

ಹಾಡು ಉಳಿಯಿತೋ ಅಳಿಯಿತೋ ತಿಳಿಯದೆ ಮಾಸ್ತರು ಬಾಣಂತಿ ಕೋಣೆಯ ಹೊರಗಿನ ಗಂಡಸಿನಂತೆ ಜಗಲಿಯಲ್ಲಿ ಸುತ್ತಿದರು. ಮೂರು ಗಂಟೆಗೆ ಕರೆಂಟು ಬಂತು. ಕಂಪ್ಯೂಟರು ಗುಣುಗುಣಿಸಿ ಎದ್ದಿತು. ಪ್ರಶ್ನೆಯೂ ಇಲ್ಲ, ಗುಂಡಿಯೂ ಇಲ್ಲ. ಮುನ್ನೂರು ಹಾಡೂ ಇದ್ದಲ್ಲೇ ಇದ್ದವು. ಡಿಸ್ಕು ಆ ಡ್ರೈವರಿನ ಹಂಗಿಲ್ಲದೆ ಚೆನ್ನಾಗಿಯೇ ಓಡುತ್ತಿತ್ತು.

"ಬೇಡವಾಗಿತ್ತು ಕಣೇ!" ಮಾಸ್ತರು ಕುಣಿದೇ ಬಿಟ್ಟರು. "ಡ್ರೈವರ್ ಬೇಡವೇ ಬೇಡವಾಗಿತ್ತು!"

ಹಾಡುಗಳನ್ನು ಸೀಡಿಗೆ ಇಳಿಸಿ, ಅರಿಶಿನ ಕುಂಕುಮ ಹಚ್ಚಿ ಹೆದ್ದಾರಿಗೆ ಬಂದಾಗ ನಾಲ್ಕು. ಅಂಕೋಲೆ ಎಷ್ಟು ಮಹಾ ದೂರ? ಬಸ್ಸೊಂದು ಸಿಕ್ಕರೆ ಸಾಕು. ಆದರೆ ಮೇ ತಿಂಗಳು, ದೊಡ್ಡ ಮುಹೂರ್ತದ ದಿನ. ಬಂದ ಬಸ್ಸಿಗೆಲ್ಲ ಮುಂದೆ ಬಾಳೆಕಂಬ, ಒಳಗೆ ದಿಬ್ಬಣ. ಕೈ ತೋರಿಸಿದರೆ ಕಿಟಕಿಯಿಂದ ಮಕ್ಕಳು ಟಾಟಾ ಮಾಡಿದವು. ರಿಕ್ಷಾಗಳೂ ಮದುವೆಗೇ ಹೋಗಿದ್ದವು. ನಾಲ್ಕೂಕಾಲಾಯಿತು. ಅತ್ತೆ ಕೋಲೂರಿಕೊಂಡು ಗೇಟಿಗೆ ಬಂದು ನಿಂತಳು.

"ಹೋದ್ಯೇನೋ?"

"ಹೊರಟೆ ಅತ್ತೆ" ಎಂದರು ಮಾಸ್ತರು, ನಿಂತಲ್ಲೇ.

ಅಷ್ಟರಲ್ಲಿ ಕಾರವಾರದ ಕಡೆಯಿಂದ ನೀರು ತೊಟ್ಟಿಕ್ಕಿಸುತ್ತ ಐಸಿನ ಟೆಂಪೋ ಬಂತು. ಪಕ್ಕದ ಸೀಟು ಖಾಲಿ. ಚಕ್ರದ ಹಿಂದೆ ಇಸ್ತ್ರಿ ಅಂಗಿಯ ಜಟ್ಟು. ಮಾಸ್ತರು ರಸ್ತೆಗೇ ಇಳಿದು ಎರಡೂ ಕೈ ಎತ್ತಿದರು. ಟೆಂಪೋ ನಿಂತಿತು.

"ಜಟ್ಟೂ! ದೇವರು ಕಳಿಸಿದ ಹಾಗೆ ಬಂದೆ ನೋಡು. ಅಂಕೋಲೆಗೆ ಬಿಡೋ ಮಾರಾಯಾ, ಐದರೊಳಗೆ ಮುಟ್ಟಬೇಕು."

ಜಟ್ಟು ಬಾಗಿಲು ತೆಗೆಯಲಿಲ್ಲ. ಎಂಜಿನ್ನೂ ಆರಿಸಲಿಲ್ಲ.

"ಮಾಸ್ತರ್ರೆ, ಎಂಟನೇ ಕ್ಲಾಸಲ್ಲಿ ನಾನು 'ಹೆಡ್ ಮಾಸ್ತರು ಬಂತು' ಅಂದೆ. ನೆನಪದೆಯಾ?"

ಮಾಸ್ತರಿಗೆ ನೆನಪಿತ್ತು. ಹೆಂಗಸರನ್ನೂ ಮಕ್ಕಳನ್ನೂ 'ಅದು ಬಂತು, ಅದು ಹೋಯ್ತು' ಎನ್ನುವ ಊರ ರೂಢಿಯ ಮೇಲೆ ಇಪ್ಪತ್ತೈದು ವರ್ಷ ಯುದ್ಧ ಹೂಡಿದವರು ಅವರು. ಜಟ್ಟು ಹೆಡ್ ಮಾಸ್ತರರನ್ನೂ ಆ ಪಟ್ಟಿಗೆ ಸೇರಿಸಿದ್ದ.

"ಬೆಂಚಿನ ಮೇಲೆ ನಿಲ್ಸಿದ್ರಿ. 'ಮನುಷ್ಯರಿಗೆ ಅದು ಅನ್ನಬಾರದು' ಅಂತ ನೂರು ಸಲ ಬರೆಸಿದ್ರಿ."

"ಬರೆಸಿದ್ದೆ. ಈಗ ಹೊತ್ತಾಯ್ತು, ಬಾಗಿಲು ತೆಗಿಯೋ."

"ಅಕ್ಕ ಹೇಳ್ತು ಅಂತ ಇವತ್ತು ನಿಮ್ಮ ಜಗಲಿಗೆ ಬಂದೆ. ಡ್ರೈವರನ್ನ ಒಳಗೆ ಬಿಟ್ರೆ 'ಅದು' ಹಾಳು ಮಾಡ್ತದೆ, 'ಅದರ' ಮೇಲೆ ವಿಶ್ವಾಸ ಇಲ್ಲ, ಮನೆ ಹಾಳು ಜಾತಿಯದು 'ಅದು' ಅಂದ್ರಿ. ಬೈದದ್ದು ಹೋಗ್ಲಿ. ನೀವೇ 'ಅದು' ಅಂದ್ರಲ್ಲ ಮಾಸ್ತರ್ರೆ!"

ಮಾಸ್ತರು ಕೈಯಲ್ಲಿದ್ದ ಸೀಡಿ ಎತ್ತಿ ತೋರಿಸಿದರು. "ಅಯ್ಯೋ, ಅದು ನೀನಲ್ಲವೋ! ಅದು ಕಂಪ್ಯೂಟರಿನ ಡ್ರೈವರು!"

"ಕಂಪ್ಯೂಟರಿಗೆ ಡ್ರೈವರಾ? ಚಕ್ರ ಎಲ್ಲದೆ ಅದಕ್ಕೆ?"

"ಆಣೆ ಮಾಡಿ ಹೇಳ್ತೇನೆ. ಅತ್ತೆ ಹಾಡಿನ ಪುಸ್ತಕ ಜಟ್ಟು, ಭಾನುವಾರ ಅವಳ ಕೈಗೆ ಕೊಡಬೇಕು. ನಿನ್ನ ಕಾಲು ಬೇಕಾದ್ರೆ ಹಿಡಿತೇನೆ. ಡ್ರೈವರ್ ಬೇಕೇ ಬೇಕು ನಂಗೆ!"

ಜಟ್ಟು ಗೇಟಿನಲ್ಲಿದ್ದ ಜಾನಕತ್ತೆಗೆ ಭಕ್ತಿಯಿಂದ ಕೈ ಮುಗಿದ. ಆಮೇಲೆ ಗೇರು ಹಾಕಿ, ಒಂದು ಬೆರಳಿಂದ ತನ್ನ ಎದೆ ಮುಟ್ಟಿ ತೋರಿಸಿದ.

"ಅದು ಬರೂದಿಲ್ಲ, ಮಾಸ್ತರ್ರೆ."