ನಿಫಾಡದಲ್ಲಿ ಹತ್ತಿದ ಹಳದಿ ದೀಪ

"ಇನ್ನು ಮೇಲೆ ನಮ್ಮ ಕಾರಿಗೆ ಯಾವ ಮೆಕ್ಯಾನಿಕ್ಕನ ಕೈಯೂ ತಾಗಕೂಡದು!"

2011ರ ಫೆಬ್ರುವರಿಯಲ್ಲಿ ನಾನು ಹೀಗೆಂದು ಘೋಷಿಸಿದೆ. ನಾಸಿಕದ ಪಕ್ಕದ ಓಝರಿನ ವಿಮಾನ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ತಪಾಸಣೆ ಮಾಡಿದ ಮಹಾನುಭಾವ ನಾನು! ಎಂಜಿನ್ನಿನ ದೋಷದ ಕೋಡ್ ಓದುವ ಪುಟ್ಟ ಯಂತ್ರ ತರಿಸಿದ್ದೆ. ಕೋಡಿಗೊಂದರಂತೆ ಫ್ಲೋ ಚಾರ್ಟುಗಳನ್ನು ಪ್ರಿಂಟ್ ತೆಗೆಸಿ ದಪ್ಪ ಫೈಲು ಮಾಡಿದ್ದೆ. ಚೌಕದೊಳಗೊಂದು ಪ್ರಶ್ನೆ. ಹೌದಾದರೆ ಈ ಬಾಣ, ಇಲ್ಲವಾದರೆ ಆ ಬಾಣ. ಬಾಣದ ಬೆನ್ನು ಹತ್ತಿದರೆ ಮುಗಿಯಿತು, ರೋಗ ಸಿಕ್ಕೇ ಸಿಗುತ್ತದೆ.

ಮುಂದಿನ ಭಾನುವಾರ ಔರಂಗಾಬಾದಿನಲ್ಲಿ ಚೊಚ್ಚಲ ಬಸುರಿ ನಾದಿನಿ ಜ್ಯೋತ್ಸ್ನಾಳ ಕುಬಸ. ತವರಿನ ಹಸಿರು ಸೀರೆ ಉಡಿಸುವ ಮುಹೂರ್ತ ಹನ್ನೆರಡೂವರೆಗೆ. ನನ್ನ ಅತ್ತೆ ಮಾವ ತೀರಿಕೊಂಡ ಮೇಲೆ ಆ ಹುಡುಗಿಗೆ ತವರೆಂದರೆ ನಾವೇ. ಸೀರೆ ನನ್ನ ಹೆಂಡತಿ ವನಜಾಳ ಮಡಿಲಲ್ಲಿತ್ತು. ನಾಸಿಕದಿಂದ ಬೆಳಿಗ್ಗೆ ಆರೂವರೆಗೇ ಹೊರಟೆವು. ನಿಫಾಡ ದಾಟುತ್ತಿದ್ದಂತೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು!

ದ್ರಾಕ್ಷಿ ತೋಟದ ಪಕ್ಕ ಗಾಡಿ ನಿಲ್ಲಿಸಿದೆ.

"ಯಾಕ್ರೀ? ಚಲೋನ ಓಡಲಿಕ್ಹತ್ತಿತ್ತಲ್ಲ?"

"ದೀಪ ಹತ್ತೇದ ವನಜಾ. ದೀಪ ಹತ್ತಿದ ಮ್ಯಾಲ ನೆಲಾ ಬಿಡಬಾರದು. ಅದು ನಮ್ಮ ಕಾರ್ಖಾನಿ ನಿಯಮ."

"ನಮ್ಮ ಗಾಡಿ ಎಂದಾರ ನೆಲಾ ಬಿಟ್ಟದೇನ್ರೀ?"

ಇಂಥ ಅಜ್ಞಾನವನ್ನು ಕ್ಷಮಿಸಿ ಬಾನೆಟ್ ಎತ್ತಿದೆ. ಯಂತ್ರ ಒಂದು ಕೋಡ್ ತೋರಿಸಿತು: ಎಂಜಿನ್ನಿಗೆ ಹೋಗುವ ಗಾಳಿಯ ಉಷ್ಣತೆ ಅಳೆಯುವ ಸೆನ್ಸರಿನದು. ಚಾರ್ಟು ತೆರೆದೆ. 'ಪ್ಲಗ್ ಬಿಚ್ಚಿ. ಐದು ವೋಲ್ಟ್ ಬರುತ್ತಿದೆಯೇ?' ಬರುತ್ತಿತ್ತು. ಆದರೂ ಹೋಲಿಸಿ ನೋಡಲು ಪಕ್ಕದ್ದನ್ನೂ ಬಿಚ್ಚಿದೆ, ಅದರ ಪಕ್ಕದ್ದನ್ನೂ ಬಿಚ್ಚಿದೆ. ಮತ್ತೆ ಯಂತ್ರ ಹಚ್ಚಿದರೆ ಒಂದು ಕೋಡ್ ಇದ್ದಲ್ಲಿ ನಾಲ್ಕು!

"ಕಡಿಮಿ ಆತೇನ್ರೀ?"

"ರೋಗ ಹೊರಗ ಬರಲಿಕ್ಹತ್ತದ!" ಎಂದೆ.

ನಾಲ್ಕು ಕೋಡಿಗೆ ನಾಲ್ಕು ಚಾರ್ಟು. ಒಂದರ ಬಾಣ ಇನ್ನೊಂದಕ್ಕೆ, ಅದರ ಬಾಣ ಮತ್ತೆ ಮೊದಲಿನದಕ್ಕೆ! ಎಂಟೂವರೆಗೆ ಕೋಡುಗಳು ಏಳಾದವು. ಕೀಲಿ ತಿರುಗಿಸಿದರೆ ಎಂಜಿನ್ ಕರ್ ಕರ್ ಎಂದು ಕೆಮ್ಮಿತೇ ಹೊರತು ಎದ್ದೇಳಲಿಲ್ಲ. ಅಷ್ಟರಲ್ಲಿ ಜ್ಯೋತ್ಸ್ನಾಳ ಫೋನು. "ಅಕ್ಕಾ, ಎಲ್ಲಿ ಇದ್ದೀ? ನಮ್ಮ ಅತ್ತಿಯವರು ಸೀರಿ ಕೇಳಲಿಕ್ಹತ್ಯಾರ."

ವನಜಾಳ ಕಣ್ಣು ತುಂಬಿತು. ನನಗೂ ಸಂಕಟವಾಯಿತು. ಅವ್ವ ಇಲ್ಲದ ಹುಡುಗಿ ಇವತ್ತು ಸೀರೆಗಾಗಿ ಬಾಗಿಲು ಕಾಯುತ್ತಾಳಲ್ಲ, ಅದೂ ನನ್ನಿಂದಾಗಿ!

ವನಜಾ ಬಾಣಗಳ ಗೊಡವೆಗೇ ಹೋಗಲಿಲ್ಲ. ಸೀರೆ ಹಿಡಿದು ರಸ್ತೆಗಿಳಿದು, ದ್ರಾಕ್ಷಿ ಹೇರಿಕೊಂಡು ಔರಂಗಾಬಾದಿಗೆ ಹೊರಟಿದ್ದ ಪಿಕಪ್‌ಗೆ ಕೈ ಮಾಡಿದಳು. "ಬಸಾ ವಹಿನಿ!" ಎಂದು ಹತ್ತಿ ಕೂರಲು ಹೇಳಿದ ಡ್ರೈವರ್ ಅತುಲ್. ನಾನು ಒಳಗೆ ಇಣುಕಿದೆ. ಅವನ ಡ್ಯಾಶ್‌ಬೋರ್ಡಿನಲ್ಲಿ ದೀಪಾವಳಿ!

"ಇಳಿ ವನಜಾ! ಮೂರು ದೀಪ ಹತ್ಯಾವ!"

ಅವಳು ಅವನನ್ನು ವಿಚಾರಿಸಿ ನನಗೆ ಹೇಳಿದಳು, "ಎರಡು ವರ್ಷದಿಂದ ಹತ್ಯಾವಂತ. ಗಾಡಿ ದಿನಾ ಹೋಗಿ ಬರತದಂತ!" ಪಿಕಪ್ ಧೂಳೆಬ್ಬಿಸಿ ಹೋಯಿತು.

ಹತ್ತೂವರೆಗೆ, ನಾನೇ ಸೋತು ಕರೆಸಿದ ದೇವದಾಸ ಎಂಬ ಮೆಕ್ಯಾನಿಕ್ ನಿಫಾಡದಿಂದ ಬಂದ. ಬಾನೆಟ್ಟಿನೊಳಗೆ ಕೈಹಾಕಿ ಟಕ್ ಟಕ್ ಎಂದು ಪ್ಲಗ್ಗುಗಳನ್ನೆಲ್ಲ ಒತ್ತಿದ. ಗಾಡಿ ಚಾಲೂ! "ಸಾಹೇಬ, ಹೇ ಸಗಳಂ ಕೋಣಿ ಕಾಢ್ಲಂ?" ಎಂದ. ಇದನ್ನೆಲ್ಲ ಬಿಚ್ಚಿದ್ದು ಯಾರೆಂದು ನಾನು ಹೇಗೆ ಹೇಳಲಿ? ನಾಸಿಕದಲ್ಲಿ ಹದಿನಾಲ್ಕು ವರ್ಷವಿದ್ದೂ ಮರಾಠಿ ಬಾರದವನಂತೆ ನಿಂತೆ. ಮೊದಲಿನ ಹಳದಿ ದೀಪ ಇನ್ನೂ ಉರಿಯುತ್ತಿತ್ತು. ಅದರಿಂದೇನೂ ಆಗುವುದಿಲ್ಲ, ಆ ಸೆನ್ಸರನ್ನು ಮನೆಗೆ ಮರಳಿದ ಮೇಲೆ ಬದಲಿಸಿ ಎಂದ.

ಔರಂಗಾಬಾದ್ ಮುಟ್ಟುವಾಗ ಎರಡೂವರೆ. ಅವಸರದಲ್ಲೇ ಒಳಗೆ ಹೋದೆ. ಜ್ಯೋತ್ಸ್ನಾ ಹಸಿರು ಸೀರೆಯುಟ್ಟು ನಗುತ್ತ ಕೂತಿದ್ದಳು! ಜೀವ ಬಂದಂತಾಯಿತು. ಜೀವದ ಹಿಂದೆಯೇ ಹಸಿವೂ ಬಂತು. ಪಂಕ್ತಿಯಲ್ಲಿ ಬಿಸಿ ಹೋಳಿಗೆ, ತುಪ್ಪ, ಎಣ್ಣೆಗಾಯಿ. ನಾನೂ ಹೋಗಿ ಕೂತೆ.

ಜ್ಯೋತ್ಸ್ನಾಳ ಅತ್ತೆ ಕಮಲಾಬಾಯಿ ಓಡಿ ಬಂದು ನನ್ನ ಎಲೆಯನ್ನೇ ಎತ್ತಿಬಿಟ್ಟರು! "ಬ್ಯಾಡ್ರಿ, ಇವೆಲ್ಲಾ ನಿಮಗ ಬ್ಯಾಡ. ವನಜಾ ಎಲ್ಲಾ ಹೇಳ್ಯಾಳ." ಬಟ್ಟಲು ತುಂಬ ತೆಳ್ಳನೆ ಗಂಜಿ ತಂದಿಟ್ಟರು.

ಪಕ್ಕಕ್ಕೆ ಬಂದ ವನಜಾಳನ್ನು ನೋಡಿದೆ. ಅವಳು ಕಿವಿಯಲ್ಲಿ ಉಸುರಿದಳು, "ವಿಮಾನದ ಇಂಜಿನಿಯರ್ ಅಂತ ಇವರ ಮುಂದ ನಿಮ್ಮನ್ನ ಭಾಳ ಹೊಗಳೇನ್ರೀ. ಕಾರಿನ ಸುದ್ದಿ ಹ್ಯಾಂಗ ಹೇಳಲಿ? ದ್ರಾಕ್ಷಿ ತಿಂದು ಭೇದಿ ಹತ್ತೇದ, ನಿಫಾಡದಾಗ ದವಾಖಾನಿಗೆ ಹೋಗ್ಯಾರ ಅಂದೆ."

"ಈಗ ಹ್ಯಾಂಗದರೀ ಹೊಟ್ಟಿ?" ಕಮಲಾಬಾಯಿ ಎಲ್ಲರಿಗೂ ಕೇಳುವಂತೆ ವಿಚಾರಿಸಿದರು.

ಇಡೀ ಪಂಕ್ತಿ ನನ್ನತ್ತ ತಿರುಗಿತು. ಹೊಟ್ಟೆಗೆ ಏನೂ ಆಗಿಲ್ಲ ಎನ್ನಬೇಕಾದರೆ ಕಾರಿಗೆ ಏನಾಯಿತೆಂದು ಹೇಳಬೇಕಾಗುತ್ತಿತ್ತು.

"ಇನ್ನೂ ಸ್ವಲ್ಪ ನೋಯ್ತದರೀ," ಎಂದು ಇನ್ನೊಂದು ಬಟ್ಟಲು ಗಂಜಿ ಹಾಕಿಸಿಕೊಂಡೆ.