ಸೇಸಪ್ಪಣ್ಣನ ತಾಜಾ ಒಸಡು

"ನನ್ನ ಬಾಯಿಗೆ ಕೈ ಹಾಕುವ ಡಾಕ್ಟ್ರು ಇನ್ನೂ ಹುಟ್ಟಿ ಬರ್ಬೇಕಷ್ಟೇ!"

ಕೊಟ್ಟಾರದ ತನ್ನ ಮೀನಿನಂಗಡಿಯಲ್ಲಿ ಕೂತು ಸೇಸಪ್ಪಣ್ಣ ಹೀಗೆ ಘೋಷಿಸದ ದಿನವಿಲ್ಲ. ಘೋಷಣೆ ಕೇಳಿಸದಿದ್ದರೆ ಇವತ್ತು ದೋಣಿಗಳು ಬರಿಗೈಯಲ್ಲಿ ಬಂದಿವೆ ಎಂದು ಗಿರಾಕಿಗಳು ತಾವಾಗಿಯೇ ಕೋಳಿ ಅಂಗಡಿಗೆ ತಿರುಗುತ್ತಿದ್ದರು.

ಹಲ್ಲಿನ ಪರಾಕ್ರಮವೂ ಸಣ್ಣದಲ್ಲ. ಭಾನುವಾರ ಶಕ್ತಿನಗರದ ಮನೆಯಲ್ಲಿ ಏಡಿ ಸುಕ್ಕ ಆಯಿತೆಂದರೆ, ಮನೆಮಂದಿಯ ಬಟ್ಟಲಲ್ಲಿದ್ದ ದಪ್ಪ ಕಾಲುಗಳೆಲ್ಲ ಮೊದಲು ಯಜಮಾನರ ಬಾಯಿಗೆ ಹೋಗಿ, 'ಟಕ್' ಎಂದು ಒಡೆದು, ಆಮೇಲೆ ಅವರವರ ಬಟ್ಟಲಿಗೆ ಮರಳಬೇಕು. ಅದು ಮನೆಯ ಕಟ್ಟಳೆ. (ನೆಂಟರಿಗೆ ಮಾತ್ರ ವಿನಾಯಿತಿ ಇತ್ತು; ಅದಕ್ಕೇ ಅವರು ಇನ್ನೂ ಬಂದು ಹೋಗಿ ಮಾಡುತ್ತಿದ್ದರು.) ಆ ಸದ್ದಿಗೆ ಬಿಜೈ ಬಸ್ ನಿಲ್ದಾಣದಲ್ಲಿ ತೂಕಡಿಸುತ್ತಿದ್ದ ಕಂಡಕ್ಟರರು ಎಚ್ಚೆತ್ತು "ರೈಟ್, ರೈಟ್" ಎನ್ನುತ್ತಿದ್ದರಂತೆ.

ಈ ವೀರರ ಪಡೆಯಲ್ಲಿ ಒಬ್ಬ ಮಾತ್ರ ಚಹಾದ ಬಣ್ಣದವನು: ಮೇಲಿನ ಸಾಲಿನ ಮುಂದಿನ ಹಲ್ಲು. ಹೆಂಡತಿ ಅಮ್ಮಣ್ಣಿಯ ತಮ್ಮನ ಮದುವೆಯಲ್ಲಿ ಸೋಡಾ ಬಾಟಲಿಯ ಓಪನರ್ ಕಳೆದುಹೋದಾಗ, ಇಡೀ ದಿಬ್ಬಣದ ಬಾಟಲಿಗಳನ್ನು ಸೇಸಪ್ಪಣ್ಣ ಹಲ್ಲಿನಿಂದಲೇ ತೆಗೆದುಕೊಟ್ಟಿದ್ದರು. ಕೊನೆಯ ಬಾಟಲಿಗೆ ಆ ಹಲ್ಲು 'ಕಳಕ್' ಎಂದಿತ್ತು. ಸ್ವಲ್ಪ ದಿನ ನೋವು ಕೊಟ್ಟು ಸುಮ್ಮನಾಯಿತು. ವರ್ಷಗಳು ಉರುಳಿದಂತೆ ಬಣ್ಣ ಏರಿತು. "ಗಂಧದ ಬಣ್ಣ" ಎಂದು ಸೇಸಪ್ಪಣ್ಣ ಅದಕ್ಕೊಂದು ಗೌರವ ಕೊಟ್ಟರು.

ಈಚೆಗೆ ಅದೇ ಹಲ್ಲಿನ ಮೇಲೆ, ಒಸಡಿನಲ್ಲಿ, ಗೇರುಬೀಜದಷ್ಟು ಊತ ಕಾಣಿಸಿಕೊಂಡಿತು.

"ಎಂತ ಅದು ಊದಿದ್ದು? ಒಮ್ಮೆ ತೋರಿಸ್ಬಾರ್ದಾ?" ಎಂದಳು ಅಮ್ಮಣ್ಣಿ.

"ತೋರಿಸ್ಲಿಕ್ಕೆ ನೋವುಂಟಾ? ಇಲ್ಲ. ನಾನು ಪರೀಕ್ಷೆ ಮಾಡಿ ಆಯ್ತು ಮಾರಾಯ್ತಿ. ಮೀನಿನ ಕಿವಿರು ನೋಡಿದ ಹಾಗೆ ನೋಡಿದೆ, ಕೆಂಪು ಉಂಟು. ಹೆಬ್ಬೆರಳಲ್ಲಿ ಒತ್ತಿದೆ, ಒಳಗೆ ಹೋಗಿ ಪುನಃ ಮೇಲೆ ಬರ್ತದೆ. ಇಷ್ಟು ತಾಜಾ ಅಂಜಲ್ ಮೀನು ಬಂದರಿನ ಧಕ್ಕೆಯಲ್ಲೂ ಸಿಗುದಿಲ್ಲ."

"ಹಾಗಾದ್ರೆ ನಿಮ್ಮನ್ನು ಐಸಿನ ಪೆಟ್ಟಿಗೆಯಲ್ಲಿ ಇಡುದೊಂದು ಬಾಕಿ."

ಮೊಮ್ಮಗಳು ಮೋಕ್ಷಾ ದಂತ ವೈದ್ಯಕೀಯದ ಕೊನೆಯ ವರ್ಷದಲ್ಲಿದ್ದಳು. ಅವಳು ಊತವನ್ನೂ ಗಂಧದ ಬಣ್ಣವನ್ನೂ ನೋಡಿದಳು; ಅಜ್ಜನ ಸ್ವಭಾವವನ್ನಂತೂ ಹುಟ್ಟಿದಂದಿನಿಂದ ನೋಡುತ್ತಿದ್ದಳು. ಆದ್ದರಿಂದ ರೋಗದ ಮಾತೇ ಎತ್ತಲಿಲ್ಲ.

"ಅಜ್ಜ, ನಮ್ಮ ಕಾಲೇಜಿಗೆ ಬರುದೆಲ್ಲ ಹುಳುಕು ಹಲ್ಲೇ. ಗಟ್ಟಿ ಹಲ್ಲು ಹೇಗಿರ್ತದೆ ಅಂತ ನಮ್ಮ ಬ್ಯಾಚಿನವರು ನೋಡಿಯೇ ಇಲ್ಲ. ನೀವೊಮ್ಮೆ ಬರ್ತೀರಾ?"

ಸೇಸಪ್ಪಣ್ಣ ಮರುದಿನ ಅಂಗಡಿಗೆ ಬಾಗಿಲು ಹಾಕಿ, ಇಸ್ತ್ರಿಯ ಬಿಳಿ ಅಂಗಿ ತೊಟ್ಟು, ಸನ್ಮಾನಕ್ಕೆ ಹೊರಟವರಂತೆ ಹೊರಟರು. ಶಾಲು ಹೊದೆಸುವಾಗ ನೋಡಲು ಒಬ್ಬರು ಬೇಕಲ್ಲ ಎಂದು ಅಮ್ಮಣ್ಣಿಯನ್ನೂ ಜೊತೆಗೆ ಕರೆದುಕೊಂಡರು.

ಕಾಲೇಜಿನ ಕುರ್ಚಿಯಲ್ಲಿ ಒರಗಿಕೊಂಡು ಅವರು ಉಪನ್ಯಾಸವನ್ನೇ ಶುರುಮಾಡಿದರು. ಪ್ರೊಫೆಸರ್ ಗ್ಲೆನಿಟಾ ಮೇಡಂ ತಾಳ್ಮೆಯಿಂದ ಕೇಳಿ, ಹಿಮದಷ್ಟು ತಣ್ಣಗಿನ ಹತ್ತಿಯನ್ನು ಒಂದೊಂದೇ ಹಲ್ಲಿಗೆ ತಾಗಿಸಿದರು. ಉಳಿದ ಹಲ್ಲುಗಳಿಗೆ ತಾಗಿಸಿದಾಗ ಸೇಸಪ್ಪಣ್ಣ ಕುರ್ಚಿಯಿಂದ ಗೇಣುದ್ದ ಹಾರಿದರು. ಗಂಧದ ಬಣ್ಣದವನು ಮಾತ್ರ ಅಲ್ಲಾಡಲಿಲ್ಲ.

"ನೋಡಿದ್ರಾ ಮೇಡಂ? ಇವನಿಗೆ ಚಳಿಯೂ ತಾಗುದಿಲ್ಲ. ಇವನೇ ನಿಜವಾದ ವೀರ."

"ಸೇಸಪ್ಪಣ್ಣ, ಅವನು ತೀರಿಹೋಗಿ ತುಂಬ ವರ್ಷ ಆಯ್ತು."

ಎಕ್ಸ್‌ರೇಯಲ್ಲಿ ಹಲ್ಲಿನ ಬೇರಿನ ತುದಿಗೆ ಗ್ರಹಣದ ಸೂರ್ಯನಂತೆ ಒಂದು ಕಪ್ಪು ಉರುಟು ಅಂಟಿಕೊಂಡಿತ್ತು.

"ಇದನ್ನು ಸಿಸ್ಟ್ ಅಂತೇವೆ," ಎಂದರು ಮೇಡಂ. "ಪೆಟ್ಟಿಗೋ ಹುಳುಕಿಗೋ ಹಲ್ಲಿನ ಒಳಗಿನ ಜೀವ ಹೋದ ಮೇಲೆ ಬೇರಿನ ತುದಿಯಲ್ಲಿ ಸೋಂಕು ಉಳೀತದೆ. ಅದರಿಂದ ನೀರು ತುಂಬಿದ ಚೀಲವೊಂದು ಬೆಳೆದು, ಸದ್ದಿಲ್ಲದೆ ದವಡೆಯ ಮೂಳೆ ಸವೆಸ್ತಾ ಹೋಗ್ತದೆ. ಈ ಹಲ್ಲಿಗೆ ಎಂದಾದ್ರೂ ಪೆಟ್ಟು ಬಿದ್ದಿತ್ತಾ?"

"ನನ್ನ ಹಲ್ಲಿಗಾ? ಛೆ!"

"ಸೋಡಾ!" ಎಂದಳು ಬಾಗಿಲಲ್ಲಿ ನಿಂತ ಅಮ್ಮಣ್ಣಿ. "ನನ್ನ ತಮ್ಮನ ಮದುವೆಯ ಸೋಡಾ. ಒಂದು ಬಾಟ್ಲಿಯೂ ಬಿಡ್ಲಿಲ್ಲ ಮೇಡಂ."

"ಆದ್ರೆ ನೋವೇ ಇಲ್ವಲ್ಲ!" ಎಂದು ಸೇಸಪ್ಪಣ್ಣ ಕೊನೆಯ ಅಸ್ತ್ರ ಬಿಟ್ಟರು. "ಕೆಂಪು ಉಂಟು, ಒತ್ತಿದ್ರೆ ಪುನಃ ಮೇಲೆ ಬರ್ತದೆ. ತಾಜಾ ಅಲ್ವಾ?"

"ನಾನೂ ಬಂಗುಡೆ ಒತ್ತಿ ನೋಡಿಯೇ ತೆಗೊಳ್ಳುದು. ಮೀನಿಗೆ ಅದು ಸರಿ. ಆದ್ರೆ ನೀವು ಇಲ್ಲಿ ಒತ್ತಿದ್ದು ಮೂಳೆ ಇರ್ಬೇಕಾದ ಜಾಗ. ಮೂಳೆ ಒತ್ತಿದ್ರೆ ಒಳಗೆ ಹೋಗ್ಬಾರ್ದು ಸೇಸಪ್ಪಣ್ಣ. ಮತ್ತೆ, ನೋವಿದ್ದಿದ್ರೆ ನೀವು ಯಾವತ್ತೋ ಬರ್ತಿದ್ರಿ. ಇದರಲ್ಲಿ ನೋವಿಲ್ಲದ್ದಕ್ಕೇ ಹೆದರ್ಬೇಕು."

ಇಷ್ಟು ಹೇಳಿ ಮೇಡಂ ಹೊರಗೆ ಕೂಗಿದರು: "ಎಲ್ಲ ಬನ್ನಿ ಮಕ್ಕಳೇ, ಇಷ್ಟು ಚಂದದ ಸಿಸ್ಟ್ ಪುಸ್ತಕದಲ್ಲೂ ಇಲ್ಲ!"

ಬಂದರು. ಇಡೀ ಬ್ಯಾಚು ಕೈಗವಸು ಹಾಕಿಕೊಂಡು, ಪಡಿತರ ಅಂಗಡಿಯ ಸಾಲಿನಂತೆ ನಿಂತು, ಒಬ್ಬೊಬ್ಬರಾಗಿ ಒತ್ತಿ ನೋಡಿತು. ಪೂರ್ತಿ ಡಾಕ್ಟರರ ಕೈಯನ್ನೇ ಕಾಣದಿದ್ದ ಬಾಯಿಗೆ ಅರ್ಧ ಡಾಕ್ಟರರ ದಿಬ್ಬಣವೇ ನುಗ್ಗಿತ್ತು.

"ಕೀಳ್ತೀರಾ?" ಎಂದು ಕೊನೆಗೆ ಸೇಸಪ್ಪಣ್ಣ ಸಣ್ಣ ದನಿಯಲ್ಲಿ ಕೇಳಿದರು. ಭಾನುವಾರದ ಸಿಂಹಾಸನ ಅವರ ಕಣ್ಣೆದುರು ಅಲ್ಲಾಡುತ್ತಿತ್ತು.

"ಈಗಾದ್ರೆ ಬೇರಿನ ಒಳಗೆ ಸ್ವಚ್ಛ ಮಾಡಿ, ಒಸಡು ಬಿಡಿಸಿ ಚೀಲ ತೆಗೆದು, ಹಲ್ಲು ಉಳಿಸ್ಲಿಕ್ಕೆ ನೋಡ್ತೇವೆ. ತಡ ಮಾಡಿದ್ರೆ ಪಕ್ಕದವನ್ನೂ ಕರ್ಕೊಂಡೇ ಹೋಗ್ತದೆ."

ಆದರೂ ಸೇಸಪ್ಪಣ್ಣ ಮನೆಗೆ ಬಂದು ನೆಪ ಹುಡುಕಿದರು. ಈಗ ಮೀನಿನ ಸೀಸನ್, ಆಮೇಲೆ ಮಳೆಗಾಲ, ಮಳೆಗಾಲದಲ್ಲಿ ಗಾಯ ಒಣಗುವುದಿಲ್ಲ, ಮಳೆ ನಿಂತ ಮೇಲೆ ಪುನಃ ಸೀಸನ್. ಹೀಗೆ ಭೂಮಿ ಸೂರ್ಯನನ್ನು ಸುತ್ತುತ್ತಿರುವ ತನಕ ಆಪರೇಷನ್ನಿಗೆ ಪುರುಸೊತ್ತಿಲ್ಲ ಎಂದು ಸಾಬೀತು ಮಾಡಿದರು.

"ಆಯ್ತು," ಎಂದಳು ಅಮ್ಮಣ್ಣಿ ತಣ್ಣಗೆ. "ಹಲ್ಲೆಲ್ಲ ಹೋದ ಮೇಲೆ ಬಂಗುಡೆ ಪುಳಿಮುಂಚಿ ಸಾರನ್ನು ಮಿಕ್ಸಿಗೆ ಹಾಕಿ ಲೋಟದಲ್ಲಿ ಕೊಡ್ತೇನೆ. ಸ್ಟ್ರಾ ಬೇಕಾ?"

ಸೇಸಪ್ಪಣ್ಣ ಮರುದಿನ ಬೆಳಿಗ್ಗೆ ಕಾಲೇಜಿನ ಗೇಟು ತೆರೆಯುವ ಮೊದಲೇ ಅಲ್ಲಿದ್ದರು.

ಚೀಲ ಹೊರಬಂತು, ಪರೀಕ್ಷೆಯಲ್ಲಿ ಹೆದರುವಂಥದ್ದೇನೂ ಇಲ್ಲವೆಂದಾಯಿತು, ಹಲ್ಲೂ ಉಳಿಯಿತು. ಮೂಳೆ ತುಂಬಿತೇ ಎಂದು ಆಗಾಗ ಎಕ್ಸ್‌ರೇ ತೆಗೆಸಬೇಕು, ಹಲ್ಲಿಗೆ ಬಾಟಲಿ ಮುಟ್ಟಿಸಬಾರದು, ಏಡಿಯನ್ನಂತೂ ಕನಸಿನಲ್ಲೂ ಕಚ್ಚಬಾರದು ಎಂದು ಅಪ್ಪಣೆಯಾಯಿತು. ಮೋಕ್ಷಾ ಈಗ ಮನೆಗೆ ಬಂದವರಿಗೆಲ್ಲ ನೀರು ಕೊಡುವ ಮೊದಲು ಉಪದೇಶ ಕೊಡುತ್ತಿದ್ದಳು: ಹುಳುಕು ಸಣ್ಣದಿರುವಾಗಲೇ ತುಂಬಿಸಿ, ಹಲ್ಲಿಗೆ ಪೆಟ್ಟು ಬಿದ್ದರೆ ಅಥವಾ ಬಣ್ಣ ತಿರುಗಿದರೆ ನೋವಿಲ್ಲದಿದ್ದರೂ ತೋರಿಸಿ.

ಮುಂದಿನ ಭಾನುವಾರ ಏಡಿ ಸುಕ್ಕ ಆಯಿತು. ಸೇಸಪ್ಪಣ್ಣನ ಮುಂದೆ ಬೆಂದು ಕರಗಿದ ಗಂಜಿ. ಯಜಮಾನರ ಜಾಗದಲ್ಲಿ ಗುಂಡುಕಲ್ಲು ಹಿಡಿದು ಅಮ್ಮಣ್ಣಿ ವಿರಾಜಮಾನಳಾಗಿ ಏಡಿ ಕಾಲು ಒಡೆದು ಒಡೆದು ಬಡಿಸಿದಳು.

"ನೋಡಿ, ಕಲ್ಲಿನಿಂದ ಎಷ್ಟು ಚಂದ ಆಗ್ತದೆ! ಇಷ್ಟು ವರ್ಷ ಇವರದ್ದೊಂದು ದೊಡ್ಡ ದರ್ಬಾರು."

ಕೊನೆಯ ಕಾಲೊಂದು ಕಲ್ಲಿಗೂ ಬಗ್ಗಲಿಲ್ಲ. ಜಾರಿ ಜಾರಿ ಹೋಯಿತು. ಎಲ್ಲರೂ ನೋಡುತ್ತಿದ್ದರು. ಗೆಲುವಿನ ಅಮಲು ಕೆಟ್ಟದ್ದು. "ಇದೆಂತ ಮಹಾ ವಿದ್ಯೆಯಾ?" ಎನ್ನುತ್ತ ಅಮ್ಮಣ್ಣಿ ಅದನ್ನೆತ್ತಿ ಹಲ್ಲಿನ ನಡುವೆ ಇಟ್ಟಳು.

'ಟಕ್.'

ಏಡಿ ಕಾಲು ಇಡಿಯಾಗಿಯೇ ಇತ್ತು. ಅಮ್ಮಣ್ಣಿ ಬಾಯಿಗೆ ಸೆರಗು ಅಡ್ಡ ಹಿಡಿದಳು.

"ಅಜ್ಜೀ, ಎಂತಾಯ್ತು?" ಎಂದು ಮೋಕ್ಷಾ ಎದ್ದಳು.

"ಎಂತದೂ ಇಲ್ಲ. ನೀನು ಉಣ್ಣು. ಒಂಚೂರೂ ನೋವಿಲ್ಲ."

ಸೇಸಪ್ಪಣ್ಣ ಗಂಜಿಯ ಚಮಚ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡರು.

"ನೋವಿಲ್ವಾ? ಮೋಕ್ಷಾ, ನಾಳೆ ಇಡೀ ಬ್ಯಾಚಿಗೆ ಬರ್ಲಿಕ್ಕೆ ಹೇಳು."