ಹೆಬ್ಬೆರಳಿನಡಿಯ ಅಸ್ತ್ರ

ಟೈಪಿಂಗ್ ಮಾಸ್ತರರ ಬೆರಳುಗಳಿಗೆ ಈ ಭೂಮಂಡಲದಲ್ಲಿ ಸಾಟಿಯೇ ಇರಲಿಲ್ಲ. (ಹಾಗೆಂದು ಹೇಳಿದವರು ಸ್ವತಃ ಮಾಸ್ತರರು.) ತಾವು ಭರದಿಂದ ಕುಟ್ಟಲು ಕೂತರೆ ಕಾಗದ ಹೊಗೆಯಾಡುತ್ತಿತ್ತು, ಬೀದಿನಾಯಿಗಳು ಆಲಿಕಲ್ಲು ಮಳೆ ಬಂತೆಂದು ಸೂರಿನಡಿ ಸೇರುತ್ತಿದ್ದವು ಎಂದು ಹಾಲಿನವನನ್ನೂ ಬಿಡದೆ ಹಿಡಿದು ನಿಲ್ಲಿಸಿ ವರ್ಣಿಸುತ್ತಿದ್ದರು.

ಅಂಥ ಬೆರಳುಗಳ ಮಾನ ಹರಾಜಾದದ್ದು ಹೆಂಡತಿಯ ಆನ್‌ಲೈನ್ ಆಟದಲ್ಲಿ. ಕೋಟೆ ಕಾಯುವ ಆಟ, ಮೂವರ ತಂಡ: ದಂಡನಾಯಕಿ ಹೆಂಡತಿ, ಆಕೆಯ ತಂಗಿ, ಕೊನೆಗೆ ಮಾಸ್ತರರು. ಮುಂದಿನ ಕೋಣೆಯ ಟೈಪಿಂಗ್ ಶಾಲೆಗೆ ರಜೆಯಿದ್ದ ದಿನ ಅಲ್ಲಿನ ಕಂಪ್ಯೂಟರುಗಳೇ ರಣರಂಗ. ನಾದಿನಿಯ ಗಂಡ, ಅಂದರೆ ಮಾಸ್ತರರ ಷಡ್ಡಕ, ಬದಲಿ ಆಟಗಾರ. ಆಟದುದ್ದಕ್ಕೂ ಅವನು ಮಾಸ್ತರರ ಕುರ್ಚಿಯ ಬೆನ್ನು ಹಿಡಿದು, ಬಸ್ಸಿನಲ್ಲಿ ಸೀಟಿಗೆ ಕಾದವನಂತೆ ನಿಂತಿರುತ್ತಿದ್ದ.

“ರೀ, ಗುರಾಣಿ ಎತ್ತಿ ಅಂದ್ರೆ ಯಾಕ್ರೀ ಕುಣೀತೀರಾ?”

“ಬೆರಳು ಅದರ ಜಾಗಕ್ಕೆ ಅದು ಹೋಯ್ತು ಕಣೇ. ಈ ಆಟ ಮಾಡಿದವನಿಗೆ ಟೈಪಿಂಗ್ ಬರಲ್ಲ. ಕೀಗಳನ್ನೆಲ್ಲ ಎಲ್ಲೆಲ್ಲೋ ಇಟ್ಟಿದ್ದಾನೆ.”

“ಈ ಭಾನುವಾರದ ಪಂದ್ಯಾನೂ ಕೆಡಿಸಿದ್ರೆ ಈ ಕುರ್ಚಿ ನನ್ನ ತಂಗಿ ಗಂಡನಿಗೆ. ನೀವು ಕಾಫಿ ಇಲಾಖೆಗೆ ವರ್ಗ.”

“ಅಣ್ಣನ ಕಾಫಿ ಚೆನ್ನಾಗೇ ಇರುತ್ತೆ ಬಿಡಿ,” ಎಂದ ಷಡ್ಡಕ, ಕುರ್ಚಿಯ ಎತ್ತರವನ್ನು ಕಣ್ಣಲ್ಲೇ ಅಳೆಯುತ್ತ.

ಷಡ್ಡಕನಿಗೆ ಕಾಫಿ ಹೊರುವುದೇ! ಮಾಸ್ತರರಿಗೆ ಅನ್ನ ಸೇರಲಿಲ್ಲ. ಆ ಹತಾಶೆಯ ಆಳದಲ್ಲೇ ಅವರಿಗೆ ಮ್ಯಾಕ್ರೋ ಎಂಬ ದಿವ್ಯಾಸ್ತ್ರ ಸಿಕ್ಕಿತು: ಹಲವು ಕೆಲಸಗಳನ್ನು ಒಂದೇ ಕೀಗೆ ಕಟ್ಟಿಹಾಕುವ ಉಪಾಯ. ಒಮ್ಮೆ ಒತ್ತಿದರೆ ಸಾಕು, ಅವರ ಸೈನಿಕ ಗುರಾಣಿ ಎತ್ತಬೇಕು, ಹತ್ತಿರದ ಗಾಯಾಳುವಿಗೆ ಮದ್ದು ಹಾಕಬೇಕು, ವಿನಯದಿಂದ ಕೊಂಚ ಹಿಂದೆ ಸರಿಯಬೇಕು, ಜೊತೆಗೆ “ಸರಿ, ನೀನು ಹೇಳಿದ ಹಾಗೇ ಆಗಲಿ” ಎಂದು ಸಂದೇಶವನ್ನೂ ಕಳಿಸಬೇಕು. ಯಾವ ಕೀಗೆ ಕಟ್ಟುವುದು? ಟೈಪ್ ಕಲಿತವನ ಹೆಬ್ಬೆರಳು ನಿದ್ದೆಯಲ್ಲೂ ಸ್ಪೇಸ್ ಬಾರ್ ಬಿಟ್ಟು ಕದಲುವುದಿಲ್ಲ. ಅಲ್ಲಿಗೇ ಕಟ್ಟಿದರು.

ಭಾನುವಾರ ಅಸ್ತ್ರ ಪವಾಡ ಮಾಡಿತು. ಹೆಂಡತಿ ಕೂಗುವುದೇ ತಡ, ಹೆಬ್ಬೆರಳು ಬೀಳುತ್ತಿತ್ತು. ಆಕೆಯ ಗಾಯ ಮಾಯ, ಮೇಲೊಂದು ಒಪ್ಪಿಗೆಯ ಸಂದೇಶ.

“ಭಾವಾ, ಇದು ನೀವೇನಾ?” ಎಂದಳು ನಾದಿನಿ. ಕುರ್ಚಿಯ ಮೇಲಿನ ಷಡ್ಡಕನ ಹಿಡಿತ ಸಡಿಲವಾಯಿತು.

ಆಗ ಕೋಟೆಯ ಬಾಗಿಲಲ್ಲಿ, ಮೈತುಂಬ ಗಾಯವಾಗಿ ಇನ್ನೇನು ಉರುಳಲಿದ್ದ ಶತ್ರುನಾಯಕ ಮಾಸ್ತರರಿಗೆ ಬರೆದ: “ಬಾಗಿಲು ಬಿಡೋ ಮುದುಕ.”

“ಉತ್ತರ ಕೊಡ್ಬೇಡಿ, ಹೊಡೀರಿ!” ಎಂದು ಕಿರುಚಿದಳು ಹೆಂಡತಿ.

ಆದರೆ ಬಂದ ಪತ್ರಕ್ಕೆ ಉತ್ತರಿಸದಿರುವುದು ಮಾಸ್ತರರ ಜಾಯಮಾನವಲ್ಲ. ವೀರಾವೇಶದ ದೀರ್ಘ ಮಾರುತ್ತರವನ್ನು ತಾವೇ ಶಾಲೆಯಲ್ಲಿ ಕಲಿಸುವಂತೆ ಕಣ್ಣು ಮುಚ್ಚಿ ಶುರುಮಾಡಿದರು. ಪದ ಮುಗಿದಂತೆಲ್ಲ ಸ್ಪೇಸ್ ಕೊಡಬೇಕಲ್ಲ! ಸ್ಪೇಸ್ ಕೊಟ್ಟಂತೆಲ್ಲ ಅಸ್ತ್ರಪ್ರಯೋಗ. “ಎಲವೋ” ಎಂಬುದರ ಬೆನ್ನಿಗೇ “ಸರಿ, ನೀನು ಹೇಳಿದ ಹಾಗೇ ಆಗಲಿ” ಹೋಯಿತು. ಹತ್ತಿರದ ಗಾಯಾಳು ಶತ್ರುನಾಯಕನೇ ಆದ್ದರಿಂದ ಮದ್ದು ಅವನಿಗೇ ಬಿತ್ತು. “ನೀಚ” ಎಂದರು, ಮತ್ತೆ ಸರಿ, ಮತ್ತೆ ಮದ್ದು, ಮತ್ತೆ ಹಿಂದಕ್ಕೆ. ಪೂರ್ಣವಿರಾಮ ಹಾಕಿ ಕಣ್ಣು ಬಿಡುವಷ್ಟರಲ್ಲಿ ಶತ್ರು ಮದುಮಗನಂತೆ ಹೊಳೆಯುತ್ತಿದ್ದ, ಕೋಟೆ ಬಾಗಿಲು ಹಾರುಹೊಡೆದಿತ್ತು, ಮಾಸ್ತರರ ಸೈನಿಕ ಹಿಂದೆ ಸರಿದೂ ಸರಿದೂ ಕಂದಕದಲ್ಲಿ ಮುಳುಗಿದ್ದ. ನೀರಿನ ಮೇಲೆ ಗುರಾಣಿಯೊಂದೇ ಎತ್ತಿ ಹಿಡಿದಂತೆ ಕಾಣುತ್ತಿತ್ತು.

ಕುರ್ಚಿಯ ಮೇಲಿನ ಷಡ್ಡಕನ ಹಿಡಿತ ಮತ್ತೆ ಬಿಗಿಯಾಯಿತು.

“ಅಣ್ಣ, ನಂಗೆ ಸಕ್ಕರೆ ಕಮ್ಮಿ,” ಎಂದ ಷಡ್ಡಕ ಮೆಲ್ಲಗೆ.

ಮಾಸ್ತರರು ಹೆಂಡತಿಯತ್ತ ತಿರುಗಿದರು. “ತಪ್ಪೆಲ್ಲ ಸ್ಪೇಸ್ ಬಾರ್‌ಗೆ ಕಟ್ಟಿದ್ದ ಮ್ಯಾಕ್ರೋದ್ದು ಕಣೇ, ನನ್ನ ಬೆರಳಿಂದಲ್ಲ. ಸರಿ ಸರಿ ಅಂತ ಕಳಿಸ್ತಿದ್ದದ್ದೂ ಅದೇ. ಇನ್ನೊಂದೇ ಒಂದು ಅವಕಾಶ ಕೊಡು. ಅದನ್ನ ಈಗಲೇ ಕಿತ್ತು ಬಿಸಾಕ್ತೀನಿ.”

“ಮುಟ್ಟಿದ್ರೆ ನೋಡಿ!” ಎಂದಳು ಹೆಂಡತಿ. “ಅದು ಅಲ್ಲೇ ಇರಲಿ, ನೀವು ಏಳಿ. ಮದುವೆಯಾದಾಗಿಂದ ಈ ಮನೇಲಿ ನನ್ನ ಮಾತಿಗೆ ಸರಿ ಅಂದಿದ್ದು ಅದೊಂದೇ.”